ಕಡತದ ಪ್ರಕಾರ ಹನ್ನೆರಡು ಹೆಜ್ಜೆ

ಜನವರಿ 9

ಪ್ರಿಯ ಷರಾ,

ಕಾಲೇಜು ಬಿಟ್ಟು ಇಪ್ಪತ್ತೈದು ವರ್ಷವಾಯಿತು. ಈ ಹೆಸರಿನಿಂದ ನಿನ್ನನ್ನು ಕರೆಯುವವನು ಈಗ ನಾನೊಬ್ಬನೇ ಇರಬೇಕು. ಹಾಸ್ಟೆಲಿನ ಪುಸ್ತಕದ ಅಂಚಿನಲ್ಲಿ ‘ತಟ್ಟೆ ಸರಿಯಾಗಿ ತೊಳೆದಿಲ್ಲ, ಕ್ರಮ ಕೈಗೊಳ್ಳುವುದು’ ಎಂದು ಷರಾ ಬರೆದು ಕೆಳಗೆ ಸಹಿ ಹಾಕುತ್ತಿದ್ದವನು ಪುರಸಭೆಯ ವ್ಯವಸ್ಥಾಪಕನಾದದ್ದು ಯಾರಿಗೂ ಆಶ್ಚರ್ಯವಲ್ಲ. ಬಾಯಿ ಬಿಟ್ಟರೆ ಪ್ರಾಸ ಉದುರಿಸುತ್ತಿದ್ದ ನಾನು ಅದೇ ಪುರಸಭೆಗೆ ಬೋರ್ಡು ಬರೆಯುವ ಪೇಂಟರಾದದ್ದೂ ಅಲ್ಲ. ‘ತೆರಿಗೆ ಕಟ್ಟಿ, ಊರು ಕಟ್ಟಿ’ ಅಂತ ನಿಮ್ಮ ಗೋಡೆ ಮೇಲೆ ಬರೆದವನು ನಾನೇ. ತೆರಿಗೆ ಕಟ್ಟಿದೆವು. ಮುಂದಿನದರ ಬಗ್ಗೆ ಈ ಕಾಗದ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ‘ಆಮೇಲೆ ಮಾತಾಡೋಣ ಬಿಡೋ’ ಅನ್ನುತ್ತೀಯ. ಕಾಗದಕ್ಕೆ ಹಾಗೆ ಹೇಳಿ ಕಳಿಸಲಾಗುವುದಿಲ್ಲ.

ಅಕ್ಕ ಆಸ್ಪತ್ರೆಯಲ್ಲಿ ಐದು ದಿನ ಇದ್ದು ನಿನ್ನೆ ಮನೆಗೆ ಬಂದಳು. ಚಳಿ ಜ್ವರ, ಸೊಂಟದಲ್ಲಿ ನೋವು. ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿಸಿ ಕೇಳಿದ್ದು ಒಂದೇ ಪ್ರಶ್ನೆ: “ದಿನಕ್ಕೆ ಎಷ್ಟು ನೀರು ಕುಡೀತೀರ?” ಅಕ್ಕ ಅಂದಳು, “ಅಂಗಡಿ ಮುಚ್ಚಿದ ಮೇಲೆ ಕುಡೀತೀನಿ.” ಬೆಳಗ್ಗೆ ಏಳಕ್ಕೆ ನೂಲು-ಗುಂಡಿ ಅಂಗಡಿ ತೆರೆದರೆ ಸಂಜೆ ಏಳಕ್ಕೆ ಮುಚ್ಚುವುದು. ಹನ್ನೆರಡು ಗಂಟೆ ಕುಡಿಯುವುದಿಲ್ಲ, ಯಾಕೆಂದರೆ ಕುಡಿದರೆ ಹೋಗಬೇಕು, ಹೋಗಲು ಪೇಟೆಯಲ್ಲಿ ಜಾಗವಿಲ್ಲ. ಮೂತ್ರಕೋಶದ ಸೋಂಕು ಮೂತ್ರಪಿಂಡಕ್ಕೆ ಏರಿದೆಯಂತೆ. ಇನ್ನೊಂದು ಸಲ ಹೀಗಾದರೆ ಕಷ್ಟ ಎಂದಿದ್ದಾರೆ.

ಮಂಚದ ಮೇಲೆ ಮಲಗಿದ್ದವಳು ನನ್ನನ್ನು ಕೇಳಿದಳು, “ನೀನು ಹೋದ ವರ್ಷ ಒಂದು ಬೋರ್ಡು ಬರೆದೆಯಲ್ಲೋ, ಮಹಿಳಾ ಶೌಚಾಲಯ, ಆರು ಕೋಣೆ, ಅಂತ. ಎಲ್ಲೋ ಅದು?”

ಬರೆದದ್ದು ನಿಜ. ಜನವರಿಯಲ್ಲಿ. ಕಾಮಗಾರಿಯ ಹೆಸರು, ಮೊತ್ತ ಒಂಬತ್ತು ಲಕ್ಷ ನಲವತ್ತು ಸಾವಿರ, ಸ್ಥಳ ಪೇಟೆ ಚೌಕ. ಒಂದು ಬೆಳಗ್ಗೆ ಬೋರ್ಡನ್ನು ಚೌಕದಲ್ಲಿ ನಿಲ್ಲಿಸಿ ಫೋಟೋ ತೆಗೆದರು. ಮಧ್ಯಾಹ್ನ ಅದೇ ತಳ್ಳುಗಾಡಿಯಲ್ಲಿ ನನ್ನ ಮನೆಗೆ ವಾಪಸು ಬಂತು. ಮೇಲೆ ಬಿಳಿ ಬಣ್ಣ ಹೊಡೆದು ಮುಂದಿನ ಕಾಮಗಾರಿ ಬರೆದೆ. ಅದಕ್ಕೂ ಮುಂಚೆ ಅದೇ ತಗಡಿನ ಮೇಲೆ ಚರಂಡಿ ಇತ್ತು. ಅದಕ್ಕೂ ಮುಂಚೆ ಉದ್ಯಾನ.

ಅಕ್ಕನಿಗೆ ಏನು ಹೇಳಲಿ? ನನ್ನ ಡಿಗ್ರಿ ಫೀಸನ್ನು ಗುಂಡಿ ಮಾರಿ ಕಟ್ಟಿದವಳು ಅವಳು. ಉತ್ತರ ಬೇಕು. ಬಾಯಿಮಾತಿನಲ್ಲಿ ಸಿಗದಿದ್ದರೆ ಮಾಹಿತಿ ಕೇಳಿ ಅರ್ಜಿ ಹಾಕುತ್ತೇನೆ. ಯಾರ ಹೆಸರಿಗೆ ಹಾಕಬೇಕೆಂದು ವಿಚಾರಿಸಿದೆ. ನಿನ್ನ ಹೆಸರಿಗಂತೆ.

ನಿನ್ನ,
ಪ್ರಾಸ

*

ಜನವರಿ 14

ಪ್ರಾಸ,

ಅಕ್ಕನ ವಿಷಯ ಓದಿ ಸಂಕಟವಾಯಿತು. ಹಾಸ್ಟೆಲಿಗೆ ನಿನಗೆಂದು ಕಳಿಸಿದ ಅಂಗಿಗಳಲ್ಲಿ ಒಂದು ಯಾವಾಗಲೂ ನನ್ನ ಅಳತೆಯದಿರುತ್ತಿತ್ತು. ಮರೆತಿಲ್ಲ.

ಆದರೆ ಅರ್ಜಿ ಮಾತ್ರ ಬೇಡ ಕಣೋ. ಅರ್ಜಿಗೆ ನಂಬರು ಬಿದ್ದರೆ ಅದು ನನ್ನ ಕೈಯಲ್ಲೂ ಇರುವುದಿಲ್ಲ, ನಿನ್ನ ಕೈಯಲ್ಲೂ ಇರುವುದಿಲ್ಲ. ಅಧ್ಯಕ್ಷರಿಗೆ ಮೂಗಿನ ತುದಿಯಲ್ಲೇ ಕೋಪ. ಪುರಸಭೆಯ ಬೋರ್ಡಿನ ಕೆಲಸವೆಲ್ಲ ನಿನಗೆ ಬರುವುದು ಯಾರಿಂದ ಎಂದು ನಾನು ಈವರೆಗೆ ಹೇಳಿಲ್ಲ, ಈಗಲೂ ಹೇಳಬೇಕಿಲ್ಲ ಅಂದುಕೊಳ್ಳುತ್ತೇನೆ. ಮುಂದಿನ ಬಜೆಟ್ಟಿನಲ್ಲಿ ಏನಾದರೂ ಸೇರಿಸಲು ಸಾಧ್ಯವೇ ನೋಡುತ್ತೇನೆ.

ಅಲ್ಲಿಯತನಕ ಒಂದು ಕೆಲಸ ಮಾಡೋಣ. ಕಚೇರಿಯ ಹಿಂದೆ ಸಿಬ್ಬಂದಿಯ ಶೌಚಾಲಯವಿದೆ. ಅದರ ಇನ್ನೊಂದು ಕೀಲಿ ಲಕೋಟೆಯಲ್ಲಿಟ್ಟಿದ್ದೇನೆ. ಅಕ್ಕ ಯಾವಾಗ ಬೇಕಾದರೂ ಬರಲಿ. ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಲಿ.

ನಿನ್ನ,
ಷರಾ

*

ಜನವರಿ 17

ಗೆ,
ಮಾಹಿತಿ ಅಧಿಕಾರಿಗಳು ಹಾಗೂ ವ್ಯವಸ್ಥಾಪಕರು,
ಪುರಸಭೆ ಕಚೇರಿ.

ಮಾನ್ಯರೇ,

ವಿಷಯ: ಪೇಟೆ ಚೌಕದ ಮಹಿಳಾ ಶೌಚಾಲಯದ ಬಗ್ಗೆ ಮಾಹಿತಿ ಕೋರಿ.

ಮೇಲ್ಕಂಡ ಕಾಮಗಾರಿಗೆ ಸಂಬಂಧಿಸಿದ ಅಳತೆ ಪುಸ್ತಕದ ಪುಟಗಳು, ಕೆಲಸ ಶುರುವಾದಾಗ ಮತ್ತು ಮುಗಿದಾಗ ತೆಗೆದ ಫೋಟೋಗಳು, ಹಣ ಬಿಡುವ ಮುನ್ನ ಸ್ಥಳಕ್ಕೆ ಹೋಗಿ ನೋಡಿದವರ ವರದಿ, ಇವುಗಳ ನಕಲು ಕೊಡಬೇಕಾಗಿ ವಿನಂತಿ. ಕಳೆದ ಮೂರು ವರ್ಷಗಳಲ್ಲಿ ಕಾಮಗಾರಿಗಳ ಮುಂದೆ ನಿಲ್ಲಿಸಿದ ಎಲ್ಲ ಬೋರ್ಡುಗಳ ಫೋಟೋ ಮತ್ತು ಬಿಲ್ಲುಗಳನ್ನೂ ಕೊಡುವುದು. ಶುಲ್ಕ ಕಟ್ಟಿದ ರಸೀದಿ ಲಗತ್ತಿಸಿದೆ.

ಜೊತೆಗೆ ಒಂದು ಕೀಲಿಯನ್ನೂ ಲಗತ್ತಿಸಿದೆ. ನನ್ನ ಅಕ್ಕ ಹೇಳಿ ಕಳಿಸಿದ್ದು: “ಪೇಟೆಯಲ್ಲಿ ಅಂಗಡಿ ಇಟ್ಟಿರೋ ಹೆಂಗಸರು ಮೂವತ್ತೆಂಟು ಜನ. ಕೀಲಿ ಒಂದು. ನಾನೊಬ್ಬಳು ಹೋಗಿ ಬಂದು ಅವರ ಮುಖ ನೋಡೋದು ಹ್ಯಾಗೆ?”

ತಮ್ಮ ವಿಶ್ವಾಸಿ,
ಬೋರ್ಡು ಬರೆಯುವವನು

*

ಫೆಬ್ರವರಿ 15

ಪುರಸಭೆ ಕಚೇರಿ
ಹಿಂಬರಹ

ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ. ಕೋರಿರುವ ದಾಖಲೆಗಳು ಸಾವಿರದ ಎಂಟುನೂರಕ್ಕೂ ಹೆಚ್ಚು ಪುಟಗಳಷ್ಟಿದ್ದು, ನಕಲು ಯಂತ್ರವು ದುರಸ್ತಿಯಲ್ಲಿರುವುದರಿಂದ ನಕಲು ಒದಗಿಸಲು ಸದ್ಯಕ್ಕೆ ಅವಕಾಶವಿರುವುದಿಲ್ಲ. ಅರ್ಜಿದಾರರು ಇಚ್ಛಿಸಿದಲ್ಲಿ ದಿನಾಂಕ 20ರಂದು ಬೆಳಗ್ಗೆ 11ರಿಂದ 12ರವರೆಗೆ ಖುದ್ದಾಗಿ ಹಾಜರಾಗಿ ಕಡತವನ್ನು ಪರಿಶೀಲಿಸಬಹುದು. ಪೆನ್ಸಿಲ್ ಮಾತ್ರ ತರತಕ್ಕದ್ದು.

ಕೀಲಿಯು ಈ ಕಚೇರಿಗೆ ಸಂಬಂಧಿಸಿದ್ದೆಂದು ಕಂಡುಬರುತ್ತಿಲ್ಲ. ಆದಾಗ್ಯೂ ಸ್ವೀಕರಿಸಲಾಗಿದೆ.

ಸಹಿ/-
ಮಾಹಿತಿ ಅಧಿಕಾರಿ

*

ಫೆಬ್ರವರಿ 21

ಷರಾ,

ನಿನ್ನೆ ಒಂದು ಗಂಟೆ ನೀನು ನನ್ನೆದುರು ಮೇಜಿನ ಆ ಕಡೆ ಕೂತಿದ್ದೆ. ಒಂದು ಮಾತಾಡಲಿಲ್ಲ. ಅರ್ಜಿದಾರನ ಜೊತೆ ಮಾತಾಡಬಾರದೆಂದು ನಿಯಮವಿದೆಯೋ, ನಿನಗೆ ಬಾಯಿ ಬರಲಿಲ್ಲವೋ ಗೊತ್ತಾಗಲಿಲ್ಲ. ನಿನ್ನ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದೆ. ಪರೀಕ್ಷೆಯ ಹಾಲಿನಲ್ಲೂ ಹಾಗೇ ಮಾಡುತ್ತಿದ್ದೆ.

ಬೋರ್ಡುಗಳ ಫೋಟೋ ನೋಡಿದೆ. ಹನ್ನೊಂದು ಕಾಮಗಾರಿ, ಹನ್ನೊಂದು ಫೋಟೋ, ಹನ್ನೊಂದು ‘ಹೊಸ ತಗಡಿನ ಬೋರ್ಡಿ’ನ ಬಿಲ್ಲು. ನನ್ನ ಬಳಿ ಬಂದದ್ದು ಒಂದೇ ತಗಡು. ನನಗೆ ಕೊಟ್ಟದ್ದು ಅಕ್ಷರದ ಕೂಲಿ ಮಾತ್ರ. ಅದನ್ನು ಹೇಗೆ ರುಜುವಾತು ಮಾಡುವುದು ಅಂತ ಯೋಚಿಸುವಾಗ ಮೂಲೆ ಕಣ್ಣಿಗೆ ಬಿತ್ತು.

ನಮ್ಮ ಕಸುಬಿನಲ್ಲಿ ಬೋರ್ಡಿನ ಕೆಳಗಿನ ಬಲಮೂಲೆಯಲ್ಲಿ ಬರೆದವನು ತನ್ನ ಹೆಸರು, ತಾರೀಖು ಹಾಕುತ್ತಾನೆ. ನಾನು ಮೊದಲ ಸಲ ಬರೆದಾಗ ‘ಪ್ರಾಸ’ ಎಂದು ಸುಳಿ ಎಳೆದು, ಕೆಳಗೆ ಮೇ ನಾಲ್ಕು ಎಂದು ವರ್ಷದ ಸಮೇತ ಹಾಕಿದ್ದೆ. ಸುಳಿ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅದರ ಮೇಲೆ ಬಣ್ಣ ಹೊಡೆಯಲು ಮನಸ್ಸಾಗಲಿಲ್ಲ. ಪ್ರತಿ ಸಲವೂ ಮೂಲೆಯನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಳಿಸಿದೆ. ಹೀಗಾಗಿ ನಿಮ್ಮ ಕಡತದಲ್ಲಿ ಹೋದ ವರ್ಷ ಜನವರಿಯಲ್ಲಿ ಶುರುವಾದ ಶೌಚಾಲಯದ ‘ಹೊಸ’ ಬೋರ್ಡಿನ ಮೇಲೆ ಮೂರು ವರ್ಷದ ಹಿಂದಿನ ತಾರೀಖಿದೆ. ಎಂಜಿನಿಯರು ನೋಡಿಲ್ಲ, ಲೆಕ್ಕಿಗ ನೋಡಿಲ್ಲ, ಅಧ್ಯಕ್ಷರು ನೋಡಿಲ್ಲ. ಪೇಂಟರ ಸಹಿಯನ್ನು ಯಾರು ನೋಡುತ್ತಾರೆ?

ಆಮೇಲೆ ಕೆಲಸ ಮುಗಿದ ಫೋಟೋ. ಆರು ಕೋಣೆಯ ಶೌಚಾಲಯಕ್ಕೆ ಒಂದೇ ಬಾಗಿಲು. ಪಕ್ಕದ ಗೋಡೆಯ ಮೇಲೆ ಅರ್ಧ ಸಾಲು: ‘... ಹೊಗಳುವುದು ಊರು’. ಅದನ್ನು ಪೂರ್ತಿ ಮಾಡಲು ನನಗಿಂತ ಯೋಗ್ಯ ಯಾರು? ‘ಹಾಕಿದರೆ ನೀರು, ಹೊಗಳುವುದು ಊರು.’ ನಿಮ್ಮ ಕಚೇರಿಯ ಹಿಂದಿನ ಸಿಬ್ಬಂದಿ ಶೌಚಾಲಯದ ಮೇಲೆ ನಾನೇ ಬರೆದದ್ದು. ಹಳೇ ಬಾಗಿಲಿಗೆ ಬಣ್ಣ ಹೊಡೆದು ಫೋಟೋ ತೆಗೆದಿದ್ದೀರಿ. ಒಂಬತ್ತು ಲಕ್ಷದ ಬಣ್ಣ.

ಇಷ್ಟಕ್ಕೆ ನಗು ಬಂದಿತ್ತು. ಕೊನೆಯ ಪುಟ ತಿರುಗಿಸಿದೆ. ‘ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಿದೆ. ಕಾಮಗಾರಿ ಸರಿ ಇದೆ. ಹಣ ಬಿಡುಗಡೆ ಮಾಡಬಹುದು.’ ಆ ಕೈಬರಹವನ್ನು ಗುರುತಿಸಲು ಕೆಳಗಿನ ಸಹಿ ನೋಡಬೇಕಾಗಿರಲಿಲ್ಲ.

ಪೇಟೆ ಚೌಕ ನಿನ್ನ ಮೇಜಿನಿಂದ ಎಷ್ಟು ದೂರ ಷರಾ?

ಪ್ರಾಸ

*

ಫೆಬ್ರವರಿ 27

ಪ್ರಾಸ,

ಆರುನೂರು ಮೀಟರ್. ಹೋಗಿರಲಿಲ್ಲ. ಕೇಳಿದೆಯಲ್ಲ, ಹೇಳಿದ್ದೇನೆ.

ಮಾರ್ಚ್ ಮುಗಿಯಲು ಎರಡು ದಿನವಿತ್ತು. ಮೇಜಿನ ಮೇಲೆ ಎಪ್ಪತ್ತು ಕಡತ. ಅಧ್ಯಕ್ಷರು ಒಳಗೆ ಕರೆದು, “ಏನ್ರೀ, ನಿಮ್ಮ ಒಬ್ಬರ ಷರಾಕ್ಕೆ ಇಡೀ ಊರು ಕಾಯಬೇಕಾ?” ಅಂದರು. ಅರವತ್ತೊಂಬತ್ತಕ್ಕೆ ಬರೆದಂತೆ ಎಪ್ಪತ್ತನೆಯದಕ್ಕೂ ಬರೆದೆ. ಒಂದು ಕಾಸು ಮುಟ್ಟಿಲ್ಲ. ನೀನು ನಂಬುವುದಾದರೆ ನಂಬು.

ಆದರೆ ನೀನೇನು ಹಾಲಿನಲ್ಲಿ ಸ್ನಾನ ಮಾಡಿ ಬಂದವನೇ? ಒಂದೇ ತಗಡಿನ ಮೇಲೆ ಹನ್ನೊಂದು ಸಲ ಬರೆದು ಹನ್ನೊಂದು ಸಲ ಕೂಲಿ ಎಣಿಸಿಕೊಂಡವನು ಯಾರು? ಚರಂಡಿಯನ್ನು ಅಳಿಸಿ ಶೌಚಾಲಯ ಬರೆಯುವಾಗ ‘ಚರಂಡಿ ಎಲ್ಲಿ ಹೋಯಿತು’ ಅಂತ ಕೇಳಿದೆಯಾ? ಪ್ರತಿ ಫೋಟೋದಲ್ಲೂ ನಿನ್ನ ಸಹಿ ಇದೆ ಅಂತ ಬೀಗುತ್ತಿದ್ದೀಯ. ಅದನ್ನೇ ಪೊಲೀಸರೂ ಹೇಳುತ್ತಾರೆ.

ನನಗೆ ಇನ್ನೂ ಹನ್ನೆರಡು ವರ್ಷ ಸರ್ವೀಸಿದೆ. ಮಗಳು ಈ ವರ್ಷ ಕಾಲೇಜು ಸೇರುತ್ತಾಳೆ. ಇನ್ನು ಮುಂದೆ ಪುರಸಭೆಯ ಬೋರ್ಡುಗಳೆಲ್ಲ ಪ್ರಿಂಟಿಂಗ್ ಅಂಗಡಿಗೆ ಹೋಗುತ್ತವೆ ಎಂದು ಅಧ್ಯಕ್ಷರು ನಿನ್ನೆ ಆದೇಶ ಮಾಡಿದ್ದಾರೆ. ಟೈಪು ಮಾಡಿಸಿದವನು ನಾನು. ತಡೆಯಲಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ತಡೆಯಲಿಲ್ಲ.

ಅರ್ಜಿ ವಾಪಸು ತಗೋ. ಇಬ್ಬರಿಗೂ ಒಳ್ಳೆಯದು.

ಷರಾ

*

ಮಾರ್ಚ್ 8

ಷರಾ,

ನೀನು ಬರೆದ ಕೊನೆಯ ಕಾಗದ ಓದಿದೆ. ಅಕ್ಕನಿಗೂ ಓದಿ ಹೇಳಿದೆ. “ಅವನು ಹೇಳೋದ್ರಲ್ಲಿ ತಪ್ಪೇನಿದೆ? ನೀನೂ ಕಳ್ಳನೇ,” ಅಂದಳು. “ಕಳ್ಳ ಅಂತ ಗೊತ್ತಾದ್ಮೇಲೆ ಸುಮ್ನಿದ್ರೆ ಮಾತ್ರ ನನ್ನ ತಮ್ಮ ಅಲ್ಲ.”

ಹಾಗಾಗಿ ಸುಮ್ಮನಿಲ್ಲ. ಮೇಲ್ಮನವಿ ಹಾಕಿದ್ದೇನೆ. ಅದರ ಮೊದಲ ವಾಕ್ಯ: ‘ಹನ್ನೊಂದು ಸಲ ಒಂದೇ ತಗಡಿನ ಮೇಲೆ ಬರೆದು ಕೂಲಿ ಪಡೆದವನು ನಾನು.’ ಪೊಲೀಸರು ಹುಡುಕುವ ಕಷ್ಟ ತಪ್ಪಲಿ. ಕೂಲಿಯ ಚೀಟಿಗಳನ್ನೂ ಹಚ್ಚಿದ್ದೇನೆ. ನಿನ್ನ ವಿಷಯ ಅದರಲ್ಲಿ ಬರೆದಿಲ್ಲ. ಅದನ್ನು ಬರೆಯಬೇಕಾದವನು ನಾನಲ್ಲ.

ಬೋರ್ಡಿನ ಕೆಲಸ ಹೋಯಿತಲ್ಲ, ಕೈ ಕಡಿಯುತ್ತಿತ್ತು. ನನ್ನದೇ ಖರ್ಚಿನಲ್ಲಿ ಒಂದು ಬೋರ್ಡು ಬರೆದು ಸೋಮವಾರ ಬೆಳಗ್ಗೆ ಚೌಕದಲ್ಲಿ ನೆಟ್ಟೆ. ನಿಮ್ಮದೇ ನಮೂನೆ, ನಿಮ್ಮದೇ ನೀಲಿ ಅಂಚು:

ಕಾಮಗಾರಿಯ ಹೆಸರು: ಮಹಿಳಾ ಶೌಚಾಲಯ, ಆರು ಕೋಣೆ
ಮೊತ್ತ: 9,40,000
ಕೆಲಸ: ಮುಗಿದಿದೆ
ಸ್ಥಳ: ನೀವು ಈಗ ನಿಂತಿರುವುದು
ಹುಡುಕಿ ಕೊಟ್ಟವರಿಗೆ: ಮೂವತ್ತೆಂಟು ಜನರ ನಮಸ್ಕಾರ

ಎರಡು ಗಂಟೆಯೊಳಗೆ ನಿಮ್ಮ ಗಾಡಿ ಬಂದು ಕಿತ್ತುಕೊಂಡು ಹೋಯಿತು. ನಮ್ಮ ಬೀದಿಯ ಕಸಕ್ಕೆ ಬರಲು ಅದೇ ಗಾಡಿಗೆ ಎರಡು ವಾರ ಬೇಕು. ಪರವಾಗಿಲ್ಲ, ಎಂಜಿನ್ ಕೆಟ್ಟಿಲ್ಲ ಅಂತ ತಿಳಿಯಿತು.

ಅಂದೇ ಸಂಜೆ ಪಾತ್ರೆ ಅಂಗಡಿಯ ಚಿಕ್ಕಮ್ಮ ಒಂದು ಹಳೇ ಡಬ್ಬದ ಮುಚ್ಚಳ ತಂದು ಮುಂದಿಟ್ಟಳು. “ನನಗೊಂದು ಬರ್ಕೊಡಪ್ಪ. ಅಂಗಡಿ ಒಳಗೆ ನೇತು ಹಾಕ್ತೀನಿ. ನನ್ನ ಅಂಗಡಿ ಒಳಗೆ ಬಂದು ಕೀಳಲಿ, ನೋಡೋಣ.” ಏನು ಬರೆಯಲಿ ಅಂದೆ. ಅಕ್ಕ ತನ್ನ ಬಟ್ಟೆ ಅಳೆಯುವ ಟೇಪು ತೆಗೆದಳು. ನಿಮ್ಮ ನಕ್ಷೆಯಲ್ಲಿರುವ ಶೌಚಾಲಯದ ಜಾಗವನ್ನು ಚೌಕದಲ್ಲಿ ಸುಣ್ಣದ ಗೆರೆ ಎಳೆದು ಗುರುತು ಮಾಡಿದೆವು. ಅಲ್ಲಿಂದ ಪ್ರತಿ ಅಂಗಡಿಗೂ ನಡೆದು ಹೆಜ್ಜೆ ಎಣಿಸಿದೆವು. ಐದು ದಿನದಲ್ಲಿ ಮೂವತ್ತೆಂಟು ಮುಚ್ಚಳ ಬರೆದೆ. ಚಿಕ್ಕಮ್ಮನದು:

ಇಲ್ಲಿಂದ ಮಹಿಳಾ ಶೌಚಾಲಯಕ್ಕೆ
ಕಡತದ ಪ್ರಕಾರ: ಮೂವತ್ತೊಂದು ಹೆಜ್ಜೆ

ಅಕ್ಕನ ಅಂಗಡಿ ಎದುರಿಗೇ ಇದೆ. ಅವಳದು ಹನ್ನೆರಡು.

ಈಗ ಪೇಟೆಗೆ ಬಂದವರೆಲ್ಲ ಸಾಮಾನು ಕೊಳ್ಳುವ ಮುಂಚೆ ಹೆಜ್ಜೆ ಎಣಿಸುತ್ತಾರೆ. ಸುಣ್ಣದ ಗೆರೆಯೊಳಗೆ ನಿಂತು ಸುತ್ತ ನೋಡುತ್ತಾರೆ. ಒಬ್ಬಾಕೆ ಇಲ್ಲದ ಬಾಗಿಲು ತಟ್ಟಿ, “ಒಳಗೆ ಯಾರಾದ್ರೂ ಇದ್ದೀರೇನ್ರಿ?” ಅಂತ ಕೇಳಿದಳು. ಇಡೀ ಪೇಟೆ ನಕ್ಕಿತು. ಅಕ್ಕ ನಗಲಿಲ್ಲ. ಅವಳಿಗೆ ಮತ್ತೆ ಸಣ್ಣ ಜ್ವರವಿದೆ.

ಪ್ರಾಸ

*

ಮಾರ್ಚ್ 11

ಪುರಸಭೆ ಕಚೇರಿ
ನೋಟೀಸು

ಪೇಟೆ ಚೌಕದ ಅಂಗಡಿಗಳಲ್ಲಿ ಅನುಮತಿಯಿಲ್ಲದೆ ಬೋರ್ಡುಗಳನ್ನು ಪ್ರದರ್ಶಿಸಿರುವುದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ. ನೋಟೀಸು ತಲುಪಿದ ಮೂರು ದಿನಗಳೊಳಗೆ ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ಬೋರ್ಡು ಒಂದಕ್ಕೆ ಐನೂರರಂತೆ ದಂಡ ವಿಧಿಸಿ, ಅಂಗಡಿಗಳ ಪರವಾನಗಿಯನ್ನು ರದ್ದುಪಡಿಸಲಾಗುವುದು.

ಅಧ್ಯಕ್ಷರ ಆದೇಶದ ಮೇರೆಗೆ,
ಸಹಿ/-
ವ್ಯವಸ್ಥಾಪಕ

*

ಮಾರ್ಚ್ 13

ಗೆ,
ವ್ಯವಸ್ಥಾಪಕರು, ಪುರಸಭೆ ಕಚೇರಿ.

ಮಾನ್ಯರೇ,

ನೋಟೀಸು ತಲುಪಿತು. ಮೂವತ್ತೆಂಟು ಅಂಗಡಿಯವರ ಪರವಾಗಿ ಉತ್ತರಿಸುತ್ತಿದ್ದೇನೆ. ಎಲ್ಲರ ಸಹಿ, ಹೆಬ್ಬೆಟ್ಟು ಹಿಂದಿನ ಪುಟದಲ್ಲಿದೆ.

ಬೋರ್ಡುಗಳ ಮೇಲೆ ಬರೆದಿರುವುದು ತಮ್ಮದೇ ಕಡತದ ಮಾಹಿತಿ. ಅದು ತಪ್ಪಿದ್ದರೆ ತಪ್ಪೆಂದು ಬರೆದು ತಿಳಿಸಿ, ಕೂಡಲೇ ಅಳಿಸುತ್ತೇವೆ. ಸರಿಯಿದ್ದರೆ, ಸಾರ್ವಜನಿಕರಿಗೆ ಶೌಚಾಲಯದ ದಾರಿ ತೋರಿಸಿದ್ದಕ್ಕೆ ದಂಡವೇಕೆ?

ದಂಡ ಹಾಕುವುದೇ ಆದರೆ ದಯವಿಟ್ಟು ತಾವೇ ಖುದ್ದಾಗಿ ಬಂದು ಪ್ರತಿ ಬೋರ್ಡನ್ನೂ ನೋಡಿ, ‘ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಿದೆ’ ಎಂದು ಷರಾ ಬರೆಯಬೇಕಾಗಿ ಕೋರಿಕೆ. ಈ ಸಲ ಮೇಜಿನಿಂದ ಬೇಡ.

ಮುಚ್ಚಳ ಮೂವತ್ತೆಂಟು, ಮುಚ್ಚುವುದಿಲ್ಲ ಒಂದೂ.

ತಮ್ಮ ವಿಶ್ವಾಸಿ,
ಬೋರ್ಡು ಬರೆಯುವವನು

*

ಏಪ್ರಿಲ್ 19

ಪ್ರಾಸ,

ಒಂದು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದೇನೂ ನನ್ನ ಬಳಿ ಇರಲಿಲ್ಲ. ಈಗ ಇದೆ.

ನಿನ್ನ ಮೇಲ್ಮನವಿಗೆ ಮೇಲಿನವರು ನಮ್ಮಿಂದ ಉತ್ತರ ಕೇಳಿದ್ದಾರೆ. ಮೇ ಎರಡರೊಳಗೆ ಹೋಗಬೇಕು. ಏನು ಬರೆಯಬೇಕೆಂದು ಅಧ್ಯಕ್ಷರು ಹೇಳಿಯೂ ಆಗಿದೆ: ‘ಶೌಚಾಲಯ ಕಟ್ಟಲಾಗಿತ್ತು. ರಸ್ತೆ ಅಗಲ ಮಾಡುವಾಗ ಕೆಡವಲಾಯಿತು.’ ಎರಡು ಸಾಲು, ಕೆಳಗೆ ನನ್ನ ಸಹಿ. ಅಷ್ಟಾದರೆ ದಂಡವಿಲ್ಲ, ಪರವಾನಗಿಗೆ ತೊಂದರೆಯಿಲ್ಲ, ನಿನಗೆ ಬೋರ್ಡಿನ ಕೆಲಸವೂ ವಾಪಸು. “ನಿಮ್ಮ ಗೆಳೆಯನಿಗೆ ನೀವೇ ಹೇಳಿ,” ಅಂದರು.

ನಿನಗೆ ಹೇಳುವ ಧೈರ್ಯ ಬರಲಿಲ್ಲ. ಅಕ್ಕನಿಗೆ ಹೇಳೋಣವೆಂದು ಶನಿವಾರ ಹೋದೆ. ನೀನು ಪಕ್ಕದೂರಿಗೆ ಗೋಡೆ ಬರೆಯಲು ಹೋಗಿದ್ದೀಯೆಂದು ಮೊದಲೇ ವಿಚಾರಿಸಿಕೊಂಡಿದ್ದೆ. ನನ್ನನ್ನು ನೋಡಿ ಅಕ್ಕ ಸ್ಟೂಲು ಕೊಟ್ಟಳು. ನಾನು ಬಾಯಿ ತೆರೆಯುವಷ್ಟರಲ್ಲಿ, “ಬಂದೆಯಾ, ಒಳ್ಳೇದಾಯ್ತು. ಒಂಚೂರು ಅಂಗಡಿ ನೋಡ್ತಿರು ತಮ್ಮ. ಮನೆಗೆ ಹೋಗಿ ಬರ್ತೀನಿ,” ಅಂದಳು. “ಯಾಕಕ್ಕ?” ಅಂದೆ. ಪೆದ್ದ. ನನ್ನ ಮುಖವನ್ನೇ ನೋಡಿ, “ಯಾಕೆ ಅಂತ ನೀನೇ ಕೇಳಬೇಕಾ?” ಅಂದಳು. ಹೋದಳು.

ನಲವತ್ತಮೂರು ನಿಮಿಷ. ಗಡಿಯಾರ ನೋಡುತ್ತಲೇ ಇದ್ದೆ. ಹೋಗಲು ಇಪ್ಪತ್ತು, ಬರಲು ಇಪ್ಪತ್ತು. ಬಿಸಿಲಲ್ಲಿ, ಜ್ವರದಲ್ಲಿ. ಅಷ್ಟರಲ್ಲಿ ನಾನು ಮೂರು ಗಿರಾಕಿಗಳಿಗೆ ತಪ್ಪು ಬಣ್ಣದ ನೂಲು ಕೊಟ್ಟೆ. ದರ್ಜಿಯೊಬ್ಬ ಕೋಟಿಗೆಂದು ಗುಂಡಿ ಕೇಳಿದ, ನಾನು ಕೊಟ್ಟದ್ದನ್ನು ನೋಡಿ, “ಸಾರ್, ಇದು ಗೊಂಬೆಗೆ ಹಾಕೋದು,” ಅಂದ. ಪಕ್ಕದ ಪಾತ್ರೆ ಅಂಗಡಿಯವಳು ಎದ್ದು ಹೋದಳು, ಅವಳ ಅಂಗಡಿಯನ್ನು ಎದುರಿನವಳು ನೋಡಿಕೊಂಡಳು. ಅವಳು ಬಂದಮೇಲೆ ಇನ್ನೊಬ್ಬಳು ಎದ್ದಳು. ಒಬ್ಬರೂ ಎಲ್ಲಿಗೆಂದು ಹೇಳಲಿಲ್ಲ, ಒಬ್ಬರೂ ಕೇಳಲಿಲ್ಲ. ಇಡೀ ಪೇಟೆಯಲ್ಲಿ ಹೀಗೊಂದು ಸರದಿ ನಡೆಯುತ್ತಿದೆ, ನಾನು ಹತ್ತು ವರ್ಷದಿಂದ ಆರುನೂರು ಮೀಟರ್ ದೂರದಲ್ಲೇ ಕೂತಿದ್ದೇನೆ.

ಅಕ್ಕ ಬಂದು ಕೂತು ಬೆವರು ಒರೆಸಿಕೊಂಡಳು. “ಏನೋ ಹೇಳೋಕೆ ಬಂದಿದ್ದೆಯಲ್ಲ?”

“ಏನಿಲ್ಲಕ್ಕ,” ಅಂದೆ.

ಏನು ಮಾಡುತ್ತೇನೆ ಅಂತ ನನಗೇ ಗೊತ್ತಿಲ್ಲ. ಕೇಳಬೇಡ.

ಷರಾ

*

ಮೇ 2

ಪುರಸಭೆ ಕಚೇರಿ
ಮೇಲ್ಮನವಿಗೆ ಉತ್ತರ

ಪೇಟೆ ಚೌಕದ ಮಹಿಳಾ ಶೌಚಾಲಯಕ್ಕೆ ಸಂಬಂಧಿಸಿದಂತೆ ಈ ಕೆಳಗಿನಂತೆ ವರದಿ ಮಾಡಲಾಗಿದೆ.

ಸದರಿ ಕಾಮಗಾರಿಯು ಕಡತದಲ್ಲಿ ಪೂರ್ಣಗೊಂಡಿರುತ್ತದೆ. ಸ್ಥಳದಲ್ಲಿ ಆರಂಭವಾಗಿರುವುದಿಲ್ಲ. ರಸ್ತೆ ಅಗಲ ಮಾಡುವಾಗ ಕೆಡವಲಾಗಿದೆ ಎಂದು ವರದಿ ಮಾಡಲು ಮೌಖಿಕ ಸೂಚನೆ ಇದ್ದು, ಸದರಿ ರಸ್ತೆಯನ್ನು ಅಗಲ ಮಾಡಿಲ್ಲವಾದ್ದರಿಂದ ಹಾಗೆ ವರದಿ ಮಾಡಲು ಬರುವುದಿಲ್ಲ.

ಪೂರ್ಣಗೊಂಡ ಫೋಟೋ ಈ ಕಚೇರಿಯ ಸಿಬ್ಬಂದಿ ಶೌಚಾಲಯದ್ದು. ಹನ್ನೊಂದು ಬೋರ್ಡುಗಳ ಪೈಕಿ ಅಸ್ತಿತ್ವದಲ್ಲಿರುವುದು ಒಂದು. ಎಲ್ಲ ಫೋಟೋ, ಬಿಲ್ಲು, ಅಳತೆ ಪುಸ್ತಕದ ನಕಲುಗಳನ್ನು ಲಗತ್ತಿಸಿದೆ. ನಕಲು ಯಂತ್ರವು ಹಿಂದೆಯೂ ಕೆಟ್ಟಿರಲಿಲ್ಲ.

ಷರಾ: ಹಿಂದಿನ ವರದಿಯಲ್ಲಿ ‘ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಿದೆ’ ಎಂದು ಬರೆದವನು ನಾನೇ. ಆಗ ಹೋಗಿರಲಿಲ್ಲ. ಈಗ ಹೋಗಿ ಬಂದಿದ್ದೇನೆ. ಇಲ್ಲ.

ಸಹಿ/-
ಮಾಹಿತಿ ಅಧಿಕಾರಿ

ಪ್ರತಿ: ಮೇಲ್ಮನವಿ ಪ್ರಾಧಿಕಾರ, ಲೆಕ್ಕ ಪರಿಶೋಧಕರು, ಕಚೇರಿಯ ಸೂಚನಾ ಫಲಕ, ಪೇಟೆಯ ಮೂವತ್ತೆಂಟು ಅಂಗಡಿಗಳು, ಖುದ್ದಾಗಿ.

*

ಜೂನ್ 24

ಪ್ರಿಯ ಷರಾ,

ನಿನ್ನ ಅಮಾನತು ಆದೇಶವನ್ನು ಪತ್ರಿಕೆಯಲ್ಲಿ ಓದಿದೆ. ‘ಕರ್ತವ್ಯಲೋಪ’ ಅಂತ ಹಾಕಿದ್ದಾರೆ. ಅವರ ಪ್ರಕಾರ ನೀನು ಲೋಪ ಮಾಡಿದ್ದು ಯಾವಾಗ, ಸುಳ್ಳು ಬರೆದಾಗಲೋ ನಿಜ ಬರೆದಾಗಲೋ, ಸ್ಪಷ್ಟವಿಲ್ಲ. ನನಗೂ ಸಮನ್ಸು ಬಂದಿದೆ. ವಿಚಾರಣೆ ಜುಲೈ ಐದಕ್ಕೆ. ಒಂದೇ ಬಸ್ಸಿನಲ್ಲಿ ಹೋಗೋಣ, ಕಿಟಕಿ ಪಕ್ಕದ ಸೀಟು ನಿನಗೆ. ಹನ್ನೊಂದು ಸಲದ ಕೂಲಿಯನ್ನು ಹಿಂದಿರುಗಿಸಲು ಸಿದ್ಧ ಅಂತ ಬರೆದುಕೊಟ್ಟಿದ್ದೇನೆ. ಕಾಗದ ಬರೆಯಲು ತಡವಾದದ್ದು ಕೋಪದಿಂದಲ್ಲ. ನಿನ್ನ ಉತ್ತರದ ಆ ಕೊನೆಯ ಪದಕ್ಕೆ ಪ್ರಾಸ ಹುಡುಕಿ ಸೋತೆ.

ನಿನ್ನ ಹೆಂಡತಿ ಮೊನ್ನೆ ಪೇಟೆಗೆ ಬಂದಿದ್ದರು. ಅಕ್ಕನ ಮೇಲೆ ಸಿಟ್ಟಿರಬಹುದೆಂದು ನಾನು ಒಳಗೆ ಸರಿದೆ. ಅವರು ಅರ್ಧ ಡಜನ್ ಬಿಳಿ ಗುಂಡಿ ಕೊಂಡು, “ಮನೇಲಿ ಇದ್ದಾರೆ, ಅಂಗಿಗೆಲ್ಲ ಗುಂಡಿ ಹಾಕಿಸ್ತಿದ್ದೀನಿ ಅವರ ಕೈಲೇ,” ಅಂದರು. ಅಕ್ಕ ದುಡ್ಡು ತೆಗೆದುಕೊಳ್ಳಲಿಲ್ಲ.

ಪರಿಶೋಧಕರು ಬಂದು ಮೂರು ದಿನ ಅಳೆದರು. ಉಳಿದ ಹತ್ತು ಕಾಮಗಾರಿಯಲ್ಲಿ ಇನ್ನೂ ಆರು ಸಿಗಲಿಲ್ಲ. ಅಧ್ಯಕ್ಷರು ಕುರ್ಚಿಯಲ್ಲೇ ಇದ್ದಾರೆ, ಆದರೆ ಶೌಚಾಲಯವನ್ನು ಮೂರು ತಿಂಗಳಲ್ಲಿ ಕಟ್ಟಲೇಬೇಕೆಂದು ಆದೇಶವಾಗಿದೆ. ಗುತ್ತಿಗೆದಾರ ಹಳಬನೇ, ಕಟ್ಟದೆ ಬಿಲ್ಲು ಪಡೆದವನೇ. ನಿನ್ನ ಜಾಗಕ್ಕೆ ಬಂದಿರುವ ಹೊಸ ಹುರುಪಿನ ಅಧಿಕಾರಿ ನನ್ನ ಮನೆಗೇ ಬಂದು, “ಶುಕ್ರವಾರದೊಳಗೆ ಬೋರ್ಡು ಬೇಕು, ಫೋಟೋ ಕಳಿಸಬೇಕು,” ಅಂದ. “ಮೊದಲು ಗುಂಡಿ ತೋಡಿ ಸಾರ್, ಬೋರ್ಡು ಅದರ ಪಕ್ಕ ನೆಡೋಣ,” ಅಂದೆ. ಮುಖ ಸಿಂಡರಿಸಿ ಪ್ರಿಂಟಿಂಗ್ ಅಂಗಡಿಗೆ ಹೋದ. ಅಂಗಡಿಯವನ ಹೆಂಡತಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿಯಿದೆ. ಅವನೂ ಅದನ್ನೇ ಹೇಳಿ ಕಳಿಸಿದನಂತೆ.

ಹಾಗಾಗಿ ಇವತ್ತು ಬೆಳಗ್ಗೆ ಅಗೆತ ಶುರುವಾಯಿತು. ನಕ್ಷೆಯ ಪ್ರಕಾರ ಮಲದ ಗುಂಡಿ ಹತ್ತು ಅಡಿ ಆಳ. ಹನ್ನೊಂದು ಗಂಟೆಗೆ ಗುತ್ತಿಗೆದಾರ ಕೈ ಕೊಡವಿ, “ಹತ್ತಡಿ ಪೂರ್ತಿ ಆಯ್ತು. ನಾಳೆ ಕಟ್ಟಡ,” ಎಂದು ಕೂಗಿ ಹೇಳಿದ. ಮೇಸ್ತ್ರಿ ಇನ್ನೂ ಗುಂಡಿಯೊಳಗೇ ನಿಂತು ಬೀಡಿ ಹಚ್ಚುತ್ತಿದ್ದ.

ಅಕ್ಕ ಸ್ಟೂಲಿನಿಂದ ಏಳಲೂ ಇಲ್ಲ. ಕೂತಲ್ಲಿಂದಲೇ ಕೇಳಿದಳು:

“ಮೇಸ್ತ್ರಿ, ನೀನು ಎಷ್ಟಡಿ ಇದ್ದೀಯಪ್ಪ?”

“ಐದೂವರೆ ಇರಬಹುದಕ್ಕ.”

“ಮತ್ತೆ ಹತ್ತಡಿ ಗುಂಡೀಲಿ ನಿಂತಿರೋನ ಮೀಸೆ ನನ್ನ ಅಂಗಡಿಗೆ ಹ್ಯಾಗೆ ಕಾಣ್ತಿದೆ?”

ಮೇಸ್ತ್ರಿ ಬೀಡಿ ಬಾಯಲ್ಲಿಟ್ಟುಕೊಂಡೇ ನಕ್ಕುಬಿಟ್ಟ. ಗುತ್ತಿಗೆದಾರ ನಗಲಿಲ್ಲ. ಏನೋ ಹೇಳಲು ಸುತ್ತ ತಿರುಗಿದ. ಅಷ್ಟರಲ್ಲಿ ಪಾತ್ರೆ ಅಂಗಡಿಯ ಚಿಕ್ಕಮ್ಮ ತನ್ನ ಸ್ಟೂಲನ್ನು ಗುಂಡಿಯ ಕಡೆಗೆ ತಿರುಗಿಸಿದ್ದಳು. ಬಟ್ಟೆಯವಳು ತಿರುಗಿಸಿದಳು. ಒಬ್ಬೊಬ್ಬರಾಗಿ ಮೂವತ್ತೆಂಟು ಸ್ಟೂಲೂ ತಿರುಗಿದವು. ಗಿರಾಕಿಗಳಿಗೆ ಬೆನ್ನು ಹಾಕಿ ಕೂತರು.

“ಅಗೆಸಪ್ಪ,” ಅಂದಳು ಅಕ್ಕ. “ನಮಗೇನೂ ಅವಸರ ಇಲ್ಲ. ಮೀಸೆ ಮುಳುಗೋವರೆಗೂ ಇಲ್ಲೇ ಕೂತಿರ್ತೀವಿ.”

ನಿನ್ನ,
ಪ್ರಾಸ